ಅಜ್ಜ ‘ಇ’ ಆದದ್ದು

ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. 700ರ ಸುಮಾರಿಗೆ ಕೊರೆದ ಕಪ್ಪೆ ಅರಭಟ್ಟನ ತ್ರಿಪದಿಗೆ ಗಣ ಹಾಕಿದವನು ನಾನು. ಇಂಗ್ಲಿಷ್ ಸಿಲಬಲ್‌ಗಳಲ್ಲಿ ಆರೇ ಜಾತಿ ಎಂದು ತಿಳಿದ ಮೇಲೆ ಸುಮ್ಮನಿರಲಾದೀತೆ? ಇಳಕಲ್ಲಿನ ನಮ್ಮ ಓಣಿಯ ಹುಡುಗರನ್ನು ಕಟ್ಟೆಗೆ ಕೂಡಿಸಿದೆ.

ಕೊನೆಗೆ ವ್ಯಂಜನ ಬಂದು ಮುಚ್ಚಿದರೆ ಸ್ವರ ಗಿಡ್ಡ, ‘ಕ್ಯಾಟ್’. ಮುಚ್ಚದಿದ್ದರೆ ಉದ್ದ, ‘ಗೋ’. ಜೋಡಿಸ್ವರಕ್ಕೆ ‘ರೇನ್’, ‘ಆರ್’ ಹಿಡಿತಕ್ಕೆ ‘ಕಾರ್’. ‘ಟೇಬಲ್’ ನೇಕಾರರ ಮಕ್ಕಳಿಗೆ ಸಲೀಸು: ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವಂತೆ ‘ಟೇ’ಗೆ ‘ಬಲ್’.

ಉಳಿದದ್ದು ಮಾತಾಡದ ‘ಇ’. ಮೂವರ ಕೈಗೆ ಕೆ, ಐ, ಟಿ ಬರೆದ ಪಾಟಿ ಕೊಟ್ಟೆ. ‘ಕಿಟ್’ ಎಂದರು. ‘ಇ’ ಪಾಟಿ ಹಿಡಿದು ಕೊನೆಗೆ ನಾನೇ ಕುಳಿತೆ. ‘ಐ’ ಹುಡುಗಿ ಕುತ್ತಿಗೆ ಚಾಚಿ ತನ್ನ ಹೆಸರನ್ನೇ ಕೂಗಿದಳು: ‘ಕೈಟ್!’ ಎದ್ದೆ, ‘ಕಿಟ್’. ಕುಳಿತೆ, ‘ಕೈಟ್’. ಮೊಣಕಾಲಿನ ಸಪ್ಪಳ ಬಿಟ್ಟರೆ ‘ಇ’ ಪೂರ್ತಿ ಮೌನ.

ಅಷ್ಟರಲ್ಲಿ ಹುನಗುಂದದಿಂದ ಬೀಗರು ಬಂದರು. ಅಲ್ಲಿಯ ಕಮಿಟಿಗಳಲ್ಲೆಲ್ಲ ಅವರದೊಂದು ಕುರ್ಚಿ.

“ಶರಣ್ರೀ ಬೀಗರ!”

ನಾನು ಪಾಟಿ ತೋರಿಸಿ ತಲೆಯಾಡಿಸಿದೆ.

“ಅಜ್ಜಾರು ಈಗ ಮಾತಾಡಂಗಿಲ್ರೀ, ‘ಇ’ ಆಗ್ಯಾರ,” ಎಂದಿತು ‘ಟಿ’.

ಬೀಗರು ಬಗ್ಗಿ ನನ್ನ ಬಾಯಿ ನೋಡಿದರು. ತುಟಿ ಬಿಗಿಹಿಡಿದೆ. “ಯಾವಾಗಿನಿಂದ ಹಿಂಗ? ಬಾಗಲಕೋಟಿ ದವಾಖಾನಿಗೆ ಒಯ್ಯೋಣೇನ್ರೀ?” ಗಾಬರಿಯಿಂದ ಒಳಗೆ ಕೂಗಿದರು.

“ಎರಡು ದಿನಾ ಹಂಗ ಇರಲಿ ಬಿಡ್ರೀ,” ಅಡುಗೆಮನೆಯಿಂದ ನನ್ನವಳ ದನಿ.

ಪಾಟಿ ಕೆಳಗಿಟ್ಟು ಮನುಷ್ಯನಾದೆ. “ಇದೆಲ್ಲಾ ಯಾಕ್ರೀ? ಬಾಯಿಪಾಠ ಮಾಡಸ್ರಿ, ಬರತೈತಿ,” ಎಂದರು ಬೀಗರು. ನನಗೆ ರೇಗಿತು. ಸರಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಕ್ಷರದ ಹೆಸರು ಹೇಳಿಕೊಟ್ಟು, ಸದ್ದು ಹೇಳಿಕೊಡದೆ, ಓದು ಎಂದರೆ ಮಗು ಏನನ್ನು ಓದಬೇಕು? ಕನ್ನಡದ ಪಾಠವನ್ನು ಸರಸರ ಓದುವ ಹುಡುಗಿ ಇಂಗ್ಲಿಷ್ ಪುಸ್ತಕ ತೆರೆದೊಡನೆ ದಡ್ಡಿಯಾಗುತ್ತಾಳೆ. ದಡ್ಡಿ ಎಂದವರು ಮಾತ್ರ ಜಾಣರಾಗಿಯೇ ಉಳಿಯುತ್ತಾರೆ.

ನನ್ನ ಭಾಷಣ ಏರುತ್ತಿದ್ದಾಗಲೇ ‘ಐ’ ಹುಡುಗಿ ಕೇಳಿದಳು: “ಅಜ್ಜಾರ, ‘ಹ್ಯಾವ್’ದಾಗೂ ಕಡೀಕ ‘ಇ’ ಐತೆಲ್ರೀ. ಅದ್ಯಾಕ ‘ಹೇವ್’ ಆಗಂಗಿಲ್ಲ?”

“ಇಂಗ್ಲಿಷ್ ಮಾತು ‘ವಿ’ಗೆ ಮುಗೀಬಾರದಂತ ಪದ್ಧತಿ ಐತವಾ. ಅದಕ್ಕ ಸುಮ್ಮನ ಒಂದು ‘ಇ’ ಕುಂದ್ರಿಸ್ಯಾರ.”

“ಅಂದ್ರ ಕೆಲಸಿಲ್ಲ, ಕುರ್ಚಿ ಐತಿ!”

ಬೀಗರು ಯಾಕೋ ಬಸ್ಸಿಗೆ ಹೊತ್ತಾಯಿತೆಂದು ಎದ್ದರು.