1155 ಹಲ್ಲಿನ ಎತ್ತು

ನಮ್ಮ ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವುದನ್ನು ಚಡ್ಡಿ ಹಾಕುವ ವಯಸ್ಸಿನಲ್ಲೇ ನಾನು ಕಣ್ಣಾರೆ ಕಂಡವನು. ಮೊದಲು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಆಮೇಲೆ ಸುಳಿ. ಆಮೇಲೆ ತುಟಿ ಎತ್ತಿ ಹಲ್ಲು. ಎರಡು ಹಲ್ಲಿನದೋ, ನಾಲ್ಕರದೋ, ಬಾಯಿಗೂಡಿದ್ದೋ ಅನ್ನುವುದು ಅಲ್ಲಿಗೆ ತೀರ್ಮಾನ. ಮಾರುವವನು ಎಷ್ಟೇ ಬಾಯಿ ಮಾಡಲಿ, ಎತ್ತಿನ ಬಾಯಿ ಸುಳ್ಳು ಹೇಳುವುದಿಲ್ಲ. ಕೊನೆಗೆ ಟವಲಿನ ಕೆಳಗೆ ಬೆರಳು ಹಿಡಿದು ರೇಟು.

ಇಂಥ ಮನೆತನದ ಕುಡಿಯಾದ ನಾನು ಹೋದ ತಿಂಗಳು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರ ಮುಂದೆ, ಮಾರಿ ಬಿಸ್ಕತ್ತಿಗಿಂತ ಚಿಕ್ಕದಾದ ಒಂದು ಚೌಕವನ್ನು ಅಂಗೈ ಮೇಲಿಟ್ಟುಕೊಂಡು ನಿಂತಿದ್ದೆ. ನಡೆಸೋಣವೆಂದರೆ ಕಾಲಿಲ್ಲ. ಸುಳಿ ನೋಡೋಣವೆಂದರೆ ಮೈಯೆಲ್ಲ ನುಣ್ಣಗೆ. ಬೆಂಡೆಕಾಯಿಯಾಗಿದ್ದರೆ ತುದಿ ಮುರಿದು ನೋಡಬಹುದಿತ್ತು, ತೆಂಗಿನಕಾಯಿಯಾಗಿದ್ದರೆ ಕಿವಿಗೆ ಹಿಡಿದು ಕುಲುಕಬಹುದಿತ್ತು. ನಿಜ ಹೇಳಬೇಕೆಂದರೆ ಕುಲುಕಿಯೂ ನೋಡಿದೆ. ಅಂಗಡಿ ಹುಡುಗ ಮುಖ ಆ ಕಡೆ ತಿರುಗಿಸಿಕೊಂಡ. ಒಳ್ಳೆಯ ಮನೆಯ ಹುಡುಗ, ಎದುರಿಗೆ ನಗಲಿಲ್ಲ.

ಸೆಕೆಂಡ್ ಹ್ಯಾಂಡ್ ಪ್ರಾಸೆಸರ್ ಯಾಕೆ ಬೇಕಾಯಿತು ಅಂತೀರಾ? ನಮ್ಮ ಮನೆಯ ಡೆಸ್ಕ್‌ಟಾಪು 2011ರದ್ದು. ಒಳಗೆ ಇಂಟೆಲ್ ಕೋರ್ ಐ3-2100. ಎರಡು ಕೋರು, ನಾಲ್ಕು ಥ್ರೆಡ್ಡು; ಅಂದರೆ ಆಳು ಎರಡು, ನಾಲ್ಕು ಜನರ ಹಾಗೆ ಓಡಾಡುತ್ತಾರೆ ಅಷ್ಟೆ. ಪತ್ರ ಬರೆಯಲಿಕ್ಕೆ, ಕರೆಂಟು ಬಿಲ್ಲು ಕಟ್ಟಲಿಕ್ಕೆ ಏನೂ ಕೊರತೆಯಿರಲಿಲ್ಲ. ಆದರೆ ಮೊಮ್ಮಗನ ನಾಮಕರಣದ ವಿಡಿಯೊ ಎಡಿಟ್ ಮಾಡುವ ಹುಚ್ಚು ನನಗೆ ಹತ್ತಿತು. ರಾತ್ರಿ ಎಂಟಕ್ಕೆ ಗುಂಡಿ ಒತ್ತಿ ಮಲಗಿದರೆ ಬೆಳಗಿನ ಕಾಫಿಗೆ ವಿಡಿಯೊ ತಯಾರಾಗುತ್ತಿತ್ತು. ಅದರಲ್ಲಿ ಮಾವನವರ ತಲೆ ಅರ್ಧ ಕತ್ತರಿಸಿ ಹೋಗಿದೆಯೆಂದು ಕಾಫಿ ಕುಡಿಯುವಾಗ ಗೊತ್ತಾದರೆ ಮತ್ತೆ ರಾತ್ರಿ ಎಂಟಕ್ಕೆ.

"ಹೊಸಾ ಕಂಪ್ಯೂಟರ್ ತಗೋರಿ ಅತ್ಲಾಗ," ಅಂದಳು ನನ್ನವಳು. ಧಾರವಾಡದವಳು, ಮಾತು ನೇರ. ನಾನು ಹಳೇ ಮೈಸೂರಿನವನು, ಸುತ್ತಿ ಬಳಸಿ ಮನೆ ಸೇರುವವನು. ಇಡೀ ಮನೆ ಕೆಡವುವುದೇಕೆ, ಒಂದು ತೊಲೆ ಬದಲಾಯಿಸಿದರೆ ಸಾಕು ಅಂದೆ. "ಮಿಕ್ಸರ್ ಕೆಟ್ಟಾಗೂ ಹಿಂಗ ಅಂದಿದ್ರಿ. ತೊಲಿ ಬದಲಾಸಿದ್ರಿ. ಈಗ ಅದು ಚಟ್ನಿ ರುಬ್ಬೂದಿಲ್ಲ, ಬರೇ ಒದರ್ತದ."

ವೈಟ್‌ಫೀಲ್ಡಿನಲ್ಲಿ ಕೆಲಸ ಮಾಡುವ ತಂಗಿಯ ಮಗನಿಗೆ ಫೋನು ಮಾಡಿದೆ. ಈ ಕಾಲದ ಹುಡುಗರು ಸಲಹೆ ಕೇಳಿದರೆ ಮೊದಲು ಒಂದು ಉಸಿರು ಬಿಡುತ್ತಾರೆ. ಅದಾದ ಮೇಲೆ ಅಂದ: "ಮಾವ, ಎಸ್ಎಸ್‌ಡಿ ಹಾಕಿಸಿದ್ದೀರಾ?" ಹೋದ ವರ್ಷವೇ ಹಾಕಿಸಿದ್ದೆ, ಹೆಮ್ಮೆಯಿಂದಲೇ ಹೇಳಿದೆ. ಓದುಗ ಮಹಾಶಯರೇ, ನಿಮ್ಮದು ಇನ್ನೂ ತಿರುಗುವ ಹಾರ್ಡ್ ಡಿಸ್ಕಿನ ಕಂಪ್ಯೂಟರಾಗಿದ್ದು, ಆನ್ ಮಾಡಿ ಸ್ನಾನಕ್ಕೆ ಹೋಗಿ ಬರುವ ಪದ್ಧತಿ ನಿಮ್ಮಲ್ಲಿದ್ದರೆ, ಪ್ರಾಸೆಸರನ್ನು ಬೈಯಬೇಡಿ. ಪಾಪ, ಅದು ಎದ್ದು ಕೂತು ತಟ್ಟೆ ತಿರುಗಿ ಅನ್ನ ಬರಲಿ ಅಂತ ಕಾಯುತ್ತಿರುತ್ತದೆ. ಆ ದುಡ್ಡನ್ನು ಎಸ್ಎಸ್‌ಡಿಗೆ ಹಾಕಿ, ಈ ಹರಟೆಯನ್ನು ಇಲ್ಲಿಗೇ ಮಡಿಸಿಡಿ.

ಇನ್ನೂ ಕೂತಿದ್ದೀರಾ? ಸರಿ.

ಅಳಿಯ ಹೇಳಿದ: ನಿಮ್ಮ ಬೋರ್ಡಿನ ಸಾಕೆಟ್ಟು ಎಲ್‌ಜಿಎ 1155. ಅದಕ್ಕೆ ಇಂಟೆಲಿನ ಎರಡನೇ ತಲೆಮಾರು, ಮೂರನೇ ತಲೆಮಾರು ಮಾತ್ರ ಕೂರುತ್ತದೆ. ನಾಲ್ಕನೆಯದಕ್ಕೆ 1150, ಐದು ಹಲ್ಲು ಕಡಿಮೆ. 1155ರಲ್ಲಿ ಮೇಲ್ದರ್ಜೆಯದು ಅಂದರೆ ಐ7-3770. 2012ರದ್ದು, ನಾಲ್ಕು ಕೋರು, ಎಂಟು ಥ್ರೆಡ್ಡು, 3.4 ಗಿಗಾಹರ್ಟ್ಸ್, 77 ವ್ಯಾಟು. ಹೊಸದಾಗಿದ್ದಾಗ ಸುಮಾರು ಮುನ್ನೂರು ಡಾಲರಿನ ಮಾಲು. ನಾನು ಇದನ್ನೆಲ್ಲ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಿರುವಾಗಲೇ ಅವನು ತಣ್ಣೀರೂ ಎರಚಿದ: "ಆದರೆ ಮಾವ, 2022ರ ಐ3-12100 ಕೂಡ ನಾಲ್ಕು ಕೋರು, ಎಂಟು ಥ್ರೆಡ್ಡೇ. ಅದು ನಿಮ್ಮ ಐ7ನ ಕಿವಿ ಹಿಂಡಿ ಬೆಂಚಿನ ಮೇಲೆ ನಿಲ್ಲಿಸುತ್ತೆ." ಐ3ಗಿಂತ ಐ7 ದೊಡ್ಡದಲ್ಲವೇನೋ ಅಂದೆ. ಅವನು ಇನ್ನೊಂದು ಉಸಿರು ಬಿಟ್ಟ. ಹತ್ತು ವರ್ಷದ ಹಿಂದಿನ ಹೆಡ್‌ಮಾಸ್ತರರು ಇವತ್ತಿನ ಎಂಟನೇ ಕ್ಲಾಸಿನವನ ಮುಂದೆ ಮೊಬೈಲು ಹಿಡಿದಂತೆ, ಅಂತ ನಾನೇ ಅರ್ಥ ಮಾಡಿಕೊಂಡೆ.

ಎಸ್.ಪಿ. ರೋಡಿಗೆ ಹೋಗಿ ಬಂದವರಿಗೆ ಅದನ್ನು ವರ್ಣಿಸಬೇಕಿಲ್ಲ, ಹೋಗದವರು ವರ್ಣಿಸಿದರೂ ನಂಬುವುದಿಲ್ಲ. ಒಂದು ಸ್ಕೂಟರು, ಅದರ ಮೇಲೆ ಮೂರು ಮಾನಿಟರು, ಅವುಗಳ ಮೇಲೆ ಒಬ್ಬ ಹುಡುಗ; ಇಷ್ಟೂ ನಿಮ್ಮ ಪಾದದ ಮೇಲೆ. ನಾನು ನಿಂತ ಅಂಗಡಿಯಲ್ಲಿ ಪ್ರಾಸೆಸರುಗಳು ಪ್ಲಾಸ್ಟಿಕ್ ಟ್ರೇಗಳಲ್ಲಿ ಮೈಸೂರು ಪಾಕಿನ ತುಂಡುಗಳ ಹಾಗೆ ಜೋಡಿಸಿಕೊಂಡು ಕೂತಿದ್ದವು. ಎಲ್ಲ ಕಂಪನಿ ಮಾಲು. ಆಫೀಸುಗಳು ನಾಲ್ಕೈದು ವರ್ಷಕ್ಕೊಮ್ಮೆ ಕಂಪ್ಯೂಟರುಗಳನ್ನು ಸಗಟಾಗಿ ಹೊರಹಾಕಿದಾಗ ಬಿಚ್ಚಿ ತೆಗೆದವು. ಆಫೀಸಿನವರು ಹೆಚ್ಚಾಗಿ ಐ5 ಇಟ್ಟುಕೊಳ್ಳುವುದರಿಂದ ಐ5 ರಾಶಿ ರಾಶಿ. ಐ7ಗೆ ಸ್ವಲ್ಪ ಬಿಗುಮಾನ.

ನಾನು ತಾತನನ್ನು ನೆನೆದು ಪರೀಕ್ಷೆಗಿಳಿದೆ. ತಲೆ ಮೇಲಿನ ಲೋಹದ ಹೊದಿಕೆಯಲ್ಲಿ ಬರೆದದ್ದನ್ನು ಕನ್ನಡಕ ಏರಿಸಿ ಓದಿದೆ: ಹೆಸರು, ವೇಗ, ಮತ್ತೆ ಎಸ್‌ಆರ್‌0ಪಿಕೆ ಎಂಬ ಗುರುತು. 3770ಗೆ ಅದೇ ಸರಿಯಾದ ಗುರುತು ಅಂತ ಅಳಿಯ ಹೇಳಿಕೊಟ್ಟಿದ್ದ. ಪಕ್ಕದ ಟ್ರೇನಲ್ಲಿ ಒಂದರ ಮೇಲೆ 'ಇಂಟೆಲ್ ಕಾನ್ಫಿಡೆನ್ಷಿಯಲ್' ಎಂದಿತ್ತು. ಮಾರಾಟಕ್ಕೆ ಬರುವ ಮುಂಚೆ ಪರೀಕ್ಷೆಗೆಂದು ಮಾಡಿ ಹಂಚುವ ಮಾದರಿಗಳ ಮೇಲೆ ಹಾಗೆ ಅಚ್ಚಾಗಿರುತ್ತದಂತೆ. ಗುಟ್ಟು ಅಂತ ಹಣೆಯ ಮೇಲೆ ಬರೆಸಿಕೊಂಡು ನಡುಬೀದಿಯಲ್ಲಿ ಮಲಗಿತ್ತು, ಪುಣ್ಯಾತ್ಮ. ಹೊದಿಕೆ ಕಿತ್ತು ಬೇರೆಯದರ ಹೊದಿಕೆ ಅಂಟಿಸುವ ಖದೀಮರೂ ಲೋಕದಲ್ಲಿದ್ದಾರೆ, ಆದ್ದರಿಂದ ಅಂಚಿನ ಅಂಟನ್ನೂ ಉಗುರಿನಲ್ಲಿ ಮುಟ್ಟಿ ನೋಡಿದೆ.

"ಸಾರ್, ಕಮ್ಮೀಲಿ ಬೇಕಾದ್ರೆ ಝಿಯಾನ್ ತಗೊಳ್ಳಿ. ಇ3-1230 ವಿ2. ಇದೇ ಕೆಲಸ ಮಾಡುತ್ತೆ," ಅಂದ ಹುಡುಗ. ಆಸೆಯಾಯಿತು. ಅಷ್ಟರಲ್ಲಿ ಅವನೇ, "ಗ್ರಾಫಿಕ್ಸ್ ಕಾರ್ಡ್ ಇದೆ ತಾನೆ ಮನೇಲಿ?" ಅಂತ ಕೇಳಿದ. ಇಲ್ಲ. ಆ ಝಿಯಾನಿನೊಳಗೆ ಚಿತ್ರ ತೋರಿಸುವ ಭಾಗವೇ ಇರುವುದಿಲ್ಲ. ಹಾಗೇ ಹಾಕಿದ್ದರೆ ಬುದ್ಧಿಯೆಲ್ಲ ಇದ್ದೂ ಬಾಯಿ ಬಾರದ ಜೀವ. ಮಾನಿಟರಿನ ಕತ್ತಲು ನೋಡುತ್ತ ನಾನು ಕೂರಬೇಕಿತ್ತು. ಇದನ್ನು ಅವನು ಕೇಳದೆ ಮಾರಿದ್ದರೂ ನಡೆಯುತ್ತಿತ್ತು. ಆದರೂ ನನ್ನ ಅನುಮಾನ ಒಂದು ಕಾಳಷ್ಟೂ ಕಮ್ಮಿಯಾಗಲಿಲ್ಲ.

ಇದು ಸತ್ತುಹೋದರೆ ಏನಪ್ಪ ಗತಿ ಅಂದೆ.

"ಪ್ರಾಸೆಸರ್ ಸಾಯಲ್ಲ ಸಾರ್. ಬೋರ್ಡ್ ಸಾಯುತ್ತೆ, ಎಸ್ಎಂಪಿಎಸ್ ಸಾಯುತ್ತೆ, ಫ್ಯಾನ್ ಸಾಯುತ್ತೆ. ಒಂದೊಂದ್ಸಲ ಕಸ್ಟಮರ್ರೂ..." ಅಂದು ನಾಲಿಗೆ ಕಚ್ಚಿಕೊಂಡ.

ಮಾತು ನಿಜ. ಅದರಲ್ಲಿ ತಿರುಗುವ ಭಾಗವಿಲ್ಲ, ಸವೆಯುವ ಭಾಗವಿಲ್ಲ. ಬಿಸಿ ಮಿತಿಯಲ್ಲಿದ್ದು ವೋಲ್ಟೇಜು ಹದವಾಗಿದ್ದರೆ ಸುತ್ತಲಿನ ಸಂಸಾರವೆಲ್ಲ ಕಣ್ಮುಚ್ಚಿದರೂ ಅದು ಕೂತೇ ಇರುತ್ತದೆ. ಹೊಸದಾದರೇ ಭದ್ರ ಅನ್ನುವವರು 2024ನ್ನು ನೆನೆಸಿಕೊಳ್ಳಲಿ: ಆ ವರ್ಷ ಇಂಟೆಲಿನ 13 ಮತ್ತು 14ನೇ ತಲೆಮಾರಿನ ಮೇಲ್ದರ್ಜೆಯ ಪ್ರಾಸೆಸರುಗಳು ಅತಿ ವೋಲ್ಟೇಜಿನಿಂದ ಹಾಳಾಗಿ, ಕಂಪನಿಯೇ ವಾರಂಟಿಯನ್ನು ಎರಡು ವರ್ಷ ಹಿಗ್ಗಿಸಬೇಕಾಯಿತು. ಇನ್ನು ನನ್ನ ಅಂಗೈ ಮೇಲಿದ್ದ 3770ರ ಒಳಗೆ 160 ಚದರ ಮಿಲಿಮೀಟರಿನಷ್ಟು ಸಿಲಿಕಾನಿದೆ, ಅದರಲ್ಲಿ 140 ಕೋಟಿ ಟ್ರಾನ್ಸಿಸ್ಟರುಗಳಿವೆ. ಇಡೀ ಭಾರತದ ಜನಸಂಖ್ಯೆ, ಉಗುರಿನಗಲ ಜಾಗದಲ್ಲಿ, ಜಗಳವಿಲ್ಲದೆ. 1971ರಲ್ಲಿ ಇಂಟೆಲಿನ ಮೊದಲ ಪ್ರಾಸೆಸರು 4004 ಬಂದಾಗ ಇದ್ದದ್ದು 2300. ನಮ್ಮೂರಿನ ಜಾತ್ರೆಗೂ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಕೊನೆಗೆ ಮಗುಚಿ ಹಲ್ಲು ನೋಡಿದೆ. ಹಲ್ಲೇ ಇಲ್ಲ! ಸಾಲು ಸಾಲಾಗಿ ಚಪ್ಪಟೆ ಚಿನ್ನದ ಚುಕ್ಕಿಗಳು. "ಇಂಟೆಲ್‌ದು ಪಿನ್ನು ಬೋರ್ಡಲ್ಲಿರುತ್ತೆ ಸಾರ್. ಹಳೇ ಎಎಂಡಿ ಆದ್ರೆ ಪ್ರಾಸೆಸರಲ್ಲೇ. ಅದನ್ನ ನೋಡ್ಕೊಂಡು ತಗೋಬೇಕು, ಇದರಲ್ಲಿ ನೋಡೋಕೇನಿಲ್ಲ." ಅಂದರೆ ತುಟಿ ಎತ್ತಿ ನೋಡಬೇಕಾದ ಬಾಯಿ ನನ್ನ ಮನೆಯಲ್ಲಿತ್ತು. ಆ ಹೊತ್ತಿಗೆ ಇದು ತಲೆಗೆ ಹೋಗಲಿಲ್ಲ. ಮೂರು ಸಾವಿರದ ಇನ್ನೂರಕ್ಕೆ ಒಪ್ಪಿಸಿ, ಒಂದು ವಾರದ ಟೆಸ್ಟಿಂಗ್ ವಾರಂಟಿಯನ್ನು ಬಿಲ್ಲಿನ ಹಿಂದೆ ಬರೆಸಿ, ಸಹಿ ಹಾಕಿಸಿ, ಸೀಲೂ ಒತ್ತಿಸಿದೆ.

ಮನೆಗೆ ಬಂದು ಮೊದಲು ಬಯಾಸ್ ಅಪ್‌ಡೇಟು. ನಮ್ಮದು ಎಚ್61 ಬೋರ್ಡು, ಮೂರನೇ ತಲೆಮಾರು ಹುಟ್ಟುವ ಮುಂಚಿನದು. ಹಳೆಯ ಪ್ರಾಸೆಸರು ಕೂತಿರುವಾಗಲೇ ಹೊಸದರ ಪರಿಚಯ ಮಾಡಿಸಬೇಕು, ಇಲ್ಲದಿದ್ದರೆ ಬಾಗಿಲೇ ತೆಗೆಯುವುದಿಲ್ಲ. ಈ ಕೆಲಸದ ನಡುವೆ ಕರೆಂಟು ಹೋದರೆ ಬೋರ್ಡಿಗೆ ಎಳ್ಳುನೀರು. ನಾನು ಮಿಕ್ಸರು, ಗೀಜರು, ಇಸ್ತ್ರಿಪೆಟ್ಟಿಗೆ ಎಲ್ಲಕ್ಕೂ ನಿಷೇಧಾಜ್ಞೆ ಹೊರಡಿಸಿ ಮೂರು ನಿಮಿಷ ಉಸಿರು ಬಿಗಿಹಿಡಿದೆ. ಕರೆಂಟು ಹೋಗಲಿಲ್ಲ. ಮುಗಿದು ಎರಡು ನಿಮಿಷಕ್ಕೆ ಹೋಯಿತು.

ಸಂಜೆ ಶಸ್ತ್ರಚಿಕಿತ್ಸೆ. ಕೂಲರ್ ತೆಗೆದೆ, ಸನ್ನೆ ಎತ್ತಿದೆ, ಹಳೆಯದನ್ನು ಹೊರತೆಗೆದೆ. ಹದಿನಾಲ್ಕು ವರ್ಷದ ಥರ್ಮಲ್ ಪೇಸ್ಟು ಒಣಗಿ ವಿಭೂತಿಯಾಗಿತ್ತು. ಅದರ ಚೂರುಗಳು ಸಾಕೆಟ್ಟಿನೊಳಕ್ಕೆ ಉದುರಿದವು. ನಾನು ಶುಚಿಯ ಮನುಷ್ಯ. ಹಳೆಯ ಬನಿಯನ್ ಬಟ್ಟೆ ತೆಗೆದುಕೊಂಡು ಸಾಕೆಟ್ಟನ್ನು ಚೆನ್ನಾಗಿ ಒರೆಸಿದೆ.

ಬಲ್ಲವರು ಈ ವಾಕ್ಯ ಓದಿ ಈಗಾಗಲೇ ತಲೆಯ ಮೇಲೆ ಕೈಯಿಟ್ಟುಕೊಂಡಿರುತ್ತಾರೆ. ಇಟ್ಟುಕೊಂಡೇ ಇರಿ.

ಹೊಸದನ್ನು ಕೂರಿಸಿ, ಸನ್ನೆ ಒತ್ತಿದಾಗ ಕರಕರ ಅಂತು. ಅದು ಯಾವಾಗಲೂ ಹಾಗೇ ಅನ್ನುತ್ತದಂತೆ, ಎದೆ ಮಾತ್ರ ಒಪ್ಪುವುದಿಲ್ಲ. ಪೇಸ್ಟು ತೊಗರಿಕಾಳಿನಷ್ಟು ಸಾಕು ಅಂದಿದ್ದ ಅಳಿಯ. ನಾನು ದಾವಣಗೆರೆ ದೋಸೆಗೆ ಬೆಣ್ಣೆ ಹಾಕುವ ಉದಾರಬುದ್ಧಿಯಿಂದ ಹಾಕಿದೆ. ಗುಂಡಿ ಒತ್ತಿದರೆ ಕಂಪ್ಯೂಟರು ಎದ್ದಿತು! ಐ7 ಅಂತ ಪರದೆ ಸಾರಿತು. ಅದರ ಕೆಳಗೇ ಇನ್ನೊಂದು ಸಾಲು: ಮೆಮೊರಿ 4 ಜಿಬಿ. ಬೆಳಿಗ್ಗೆ 8 ಇತ್ತು.

ಮೋಸ! ಮಾರನೆಯ ದಿನ ಬಿಲ್ಲು, ಸೀಲು, ಸಹಿ ಸಮೇತ ಅಂಗಡಿ ಮುಂದೆ ಹಾಜರಾದೆ. ಹುಡುಗ ಒಂದು ಮಾತಾಡದೆ ಪ್ರಾಸೆಸರನ್ನು ಅವನ ಬೋರ್ಡಿಗೆ ಹಾಕಿದ. 8 ಜಿಬಿ ತೋರಿಸಿತು. ತೆಗೆದು ಮತ್ತೆ ಹಾಕಿದ. 8. "ಸಾರ್, ಸಾಕೆಟ್‌ನ ಏನಾದ್ರೂ ಒರೆಸಿದ್ರಾ?" ಅಂದ. ನಾನು ರಸ್ತೆಯಲ್ಲಿ ಹೋಗುತ್ತಿದ್ದ ಸ್ಕೂಟರೊಂದನ್ನು ಗಮನವಿಟ್ಟು ನೋಡಿದೆ.

ಮನೆಯಲ್ಲಿ ಭೂತಗನ್ನಡಿ ಹಿಡಿದು ಕೂತರೆ ಕಣ್ಣಿಗೆ ಕಂಡದ್ದು ಬರೀ ಗದ್ದೆ. ಕೂದಲಿಗಿಂತ ಸ್ವಲ್ಪ ದಪ್ಪದ ಪಿನ್ನುಗಳು, ಎಲ್ಲ ಒಂದೇ ಕಡೆ ಬಾಗಿದ ಪೈರಿನ ಹಾಗೆ. ಅದರಲ್ಲಿ ತಪ್ಪಿದ್ದು ಯಾವುದೆಂದು ಯಾವ ದೇವರಿಗೆ ಗೊತ್ತು. ನನ್ನವಳು ಹಿಂದೆ ಬಂದು ನಿಂತಳು. ನಲವತ್ತು ವರ್ಷದಿಂದ ಕಸೂತಿ ಹಾಕುವವಳು. ಕಸೂತಿಗೆ ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಇಳಿಸಬೇಕು, ಒಂದು ಎಳೆ ತಪ್ಪಿದರೆ ಗೋಪುರವೇ ವಾಲುತ್ತದೆ.

"ಸರೀರಿ ಅತ್ಲಾಗ." ಬಗ್ಗಿ ನೋಡಿದಳು. ಅರ್ಧ ನಿಮಿಷವೂ ಆಗಿಲ್ಲ. "ಈ ಸಾಲಿನಾಗ ಎಡದಿಂದ ಏಳನೇದು, ಅದರ ಕೆಳಗಿಂದು. ಎರಡೂ ಮಲಗ್ಯಾವ. ಏನ್ ಒರಸಿದ್ರಿ, ಬಚ್ಚಲಾ?" ಸಣ್ಣ ಸೂಜಿ ತಂದು, ಉಸಿರು ಹಿಡಿದು, ಒಂದನ್ನು ಎತ್ತಿದಳು. ಇನ್ನೊಂದನ್ನೂ ಎತ್ತಿದಳು. ಆಮೇಲೆ ಸುಮ್ಮನಿರಲಾರದೆ ಎಲ್ಲ ಸಾಲುಗಳನ್ನೂ ಒಂದು ಸುತ್ತು ಎಣಿಸಿ ನೋಡಿ, "ಉಳದಾವು ನೆಟ್ಟಗ ಅದಾವ," ಅಂತ ಸರ್ಟಿಫಿಕೇಟು ಕೊಟ್ಟಳು. ನಮ್ಮ ತಾತ ಇದ್ದಿದ್ದರೆ ಜಾತ್ರೆಗೆ ಅವಳನ್ನೇ ಕರೆದುಕೊಂಡು ಹೋಗುತ್ತಿದ್ದರು.

8 ಜಿಬಿ ಬಂತು. ಅವತ್ತು ರಾತ್ರಿ ಎಂಟಕ್ಕೆ ಹಾಕಿದ ವಿಡಿಯೊ ಹನ್ನೆರಡಕ್ಕೇ ಮುಗಿದು, ಟಿಣ್ ಅಂದು, ಮಲಗಿದ್ದವನನ್ನು ಎಬ್ಬಿಸಿತು. ಮಾವನವರ ತಲೆ ಪೂರ್ತಿ ಇತ್ತು. ವಿಂಡೋಸ್ 11 ಮಾತ್ರ ಈ ಪ್ರಾಸೆಸರನ್ನು ಒಳಗೆ ಸೇರಿಸುವುದಿಲ್ಲ. ಅದಕ್ಕೆ ಇಂಟೆಲಿನಲ್ಲಿ ಎಂಟನೇ ತಲೆಮಾರಿನಿಂದ ಈಚಿನದು ಬೇಕು, ನಮ್ಮದು ಮೂರು. ವಿಂಡೋಸ್ 10ರ ಆರೈಕೆಯೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಳಿಯ ಬಂದು ಉಬುಂಟು ಹಾಕಿಕೊಟ್ಟು, ಚಿತ್ರಾನ್ನ ತಿಂದು ಹೋದ.

ನಾಮಕರಣ ಮುಗಿಯಿತು, ಮುಂದಿನ ಸಮಾರಂಭಕ್ಕೆ ಇನ್ನೂ ದಿನವಿದೆ. ಈಗ ನಾನು ದಿನಾ ಬೆಳಿಗ್ಗೆ ಎಂಟು ಥ್ರೆಡ್ಡುಗಳ ಎಂಟು ಗೆರೆ ತೋರಿಸುವ ಕಿಟಕಿ ತೆಗೆದು ಸ್ವಲ್ಪ ಹೊತ್ತು ನೋಡುತ್ತೇನೆ. "ಎಂಟೂ ಮಲಗ್ಯಾವಲ್ಲರೀ, ಇವಕ್ಕೂ ಸೂಜಿ ತರಲೇನು?" ಅನ್ನುತ್ತಾಳೆ.

ಹಳೆಯ ಐ3 ಅವಳ ಸೂಜಿ ಡಬ್ಬಿಯಲ್ಲೇ ಇತ್ತು. ಮೊನ್ನೆ ಎದುರು ಮನೆಯವರು, ಬ್ಯಾಂಕಿನಿಂದ ನಿವೃತ್ತರಾದವರು, ಅವರ ಪೆಂಟಿಯಮ್ಮಿನ ಜಾಗಕ್ಕೆ ಇದು ಆದೀತೇ ಅಂತ ಕೇಳಿಕೊಂಡು ಬಂದರು. ಕೊಟ್ಟೆ. ಕನ್ನಡಕ ಏರಿಸಿ ಮೇಲೆ ಬರೆದದ್ದನ್ನು ಓದಿದರು. ಉಗುರಿನಲ್ಲಿ ಕೆರೆದರು. ಕಿವಿಯ ಹತ್ತಿರ ಹಿಡಿದು, ನಾನು ನೋಡುತ್ತಿಲ್ಲವೆಂದುಕೊಂಡು, ಮೆಲ್ಲಗೆ ಕುಲುಕಿದರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.