ಕಿರುತಂತಿ ಮೀಮಾಂಸೆ: 1/25 ಅಳತೆಯ ಎಂಜಿನ್ನಿನ ತಾತ್ವಿಕ ನೆಲೆಗಳು

ಪೀಠಿಕೆ

ಬೆಂಕಿ ಕಂಡುಹಿಡಿದ ಕಾಲದಿಂದಲೂ ಅದನ್ನು ಹೊತ್ತಿಗೆ ಸರಿಯಾಗಿ ಹೊತ್ತಿಸುವ ಪ್ರಶ್ನೆ ಮನುಕುಲವನ್ನು ಬಹುಮುಖಿ ನೆಲೆಗಳಲ್ಲಿ ಕಾಡುತ್ತಲೇ ಬಂದಿರುವುದನ್ನು ಗುರುತಿಸಬಹುದಾಗಿದೆ. ಈ ಮಹಾಸಂಕಥನದ ಉಪಸಂಕಥನವೊಂದನ್ನು, ಅಂದರೆ ಪ್ಲಾಸ್ಟಿಕ್ ಮಾದರಿ ಕಾರಿನ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ವೈರು ಎಳೆಯುವ ಕ್ರಿಯೆಯನ್ನು, ಪ್ರಸ್ತುತ ಪ್ರಬಂಧವು ವಸಾಹತೋತ್ತರ, ರಚನೋತ್ತರ ಹಾಗೂ ಊಟೋತ್ತರ ಪರಿಪ್ರೇಕ್ಷ್ಯಗಳಲ್ಲಿ ಅನುಸಂಧಾನಕ್ಕೆ ಒಳಪಡಿಸುತ್ತದೆ. ಈ ವಾಕ್ಯದ ಅರ್ಥ ಬೇಕಾದವರು ಚಹಾ ವಿರಾಮದಲ್ಲಿ ಕೇಳತಕ್ಕದ್ದು.

1. ವ್ಯಾಪ್ತಿ ಮತ್ತು ಮಿತಿ

ವ್ಯಾಪ್ತಿ: ಷೆವ್ರೊಲೆಟ್ 1955ರಲ್ಲಿ ಹೊರತಂದ ಸ್ಮಾಲ್ ಬ್ಲಾಕ್ ವಿ-8 ಎಂಜಿನ್ ಮತ್ತು ಅದರ ಪ್ಲಾಸ್ಟಿಕ್ ಅವತಾರಗಳು. ಅಮೆರಿಕದ ಎಎಂಟಿ, ರೆವೆಲ್, ಮೊನೊಗ್ರಾಮ್ ಕಂಪನಿಗಳ ಕಾರು ಕಿಟ್‌ಗಳು ಬಹುಪಾಲು 1/25 ಇಲ್ಲವೇ 1/24 ಅಳತೆಯವು ಎಂಬುದು ಗಮನಾರ್ಹ. ಏಕೆ ಗಮನಾರ್ಹ ಎಂಬುದು ಈ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಮಿತಿ: ಚಿಮುಟದಿಂದ ಜಾರಿ ನೆಲಕ್ಕೆ ಬಿದ್ದ ಬಿಡಿಭಾಗಗಳು ಸಂಶೋಧಕನಿಗೆ ಲಭ್ಯವಾಗಿಲ್ಲ.

2. ಪರಿಮಾಣದ ಪರಿಕಲ್ಪನೆ

ನಿಜವಾದ ಪ್ಲಗ್ ವೈರಿನ ದಪ್ಪ 7ರಿಂದ 8 ಮಿಲಿಮೀಟರ್. ಇದನ್ನು 25ರಿಂದ ಭಾಗಿಸಿದರೆ 0.28ರಿಂದ 0.32 ಬರುತ್ತದೆ. ಈ ಭಾಗಾಕಾರವನ್ನು ಇನ್ನು ಮುಂದೆ ‘ಲಘೂಕರಣ ನ್ಯಾಯ’ ಎಂದು ಕರೆಯಲಾಗುವುದು. ಹಾಗೆ ಕರೆಯದಿದ್ದರೆ ಇದು ಐದನೇ ತರಗತಿಯ ಲೆಕ್ಕವಾಗಿಬಿಡುವ ಅಪಾಯವಿದೆ. ಸದರಿ ನ್ಯಾಯವನ್ನು ಮೀರಿ ಅರ್ಧ ಮಿಲಿಮೀಟರಿನ ವೈರು ಎಳೆದವನು ವಾಸ್ತವದಲ್ಲಿ 12.5 ಮಿಲಿಮೀಟರಿನದನ್ನು ಎಳೆದಂತಾಯಿತು. ಅವನ ಎಂಜಿನ್ ತೋಟಕ್ಕೆ ನೀರು ಬಿಡುವ ಪೈಪುಗಳನ್ನು ಹೊದ್ದು ಕೂತಿರುತ್ತದೆ. ಒದ್ದೆ ಬಣ್ಣದ ಮೇಲೆ ಒಂದು ತಲೆಕೂದಲು ಬಿದ್ದರೆ ಅದೇ ನ್ಯಾಯದ ಪ್ರಕಾರ ಸುಮಾರು ಎರಡು ಮಿಲಿಮೀಟರ್ ದಪ್ಪದ ಸರಿಗೆ ಬಿದ್ದಂತೆ. ಈ ನೆಲೆಯಲ್ಲಿ ಬೊಕ್ಕತಲೆಯ ಸಂಶೋಧಕರು ಹುಟ್ಟಿನಿಂದಲೇ ಅರ್ಹರು.

3. ವಿಧಿವಿಧಾನ, ಅರ್ಥಾತ್ ಕೆಲಸ

ಡಿಸ್ಟ್ರಿಬ್ಯೂಟರ್ ಎಂಬ ಅಧಿಕಾರ ವಿಕೇಂದ್ರೀಕರಣ ಸಂಸ್ಥೆಯ ಮುಚ್ಚಳ ಈ ಅಳತೆಯಲ್ಲಿ ಮೂರು–ನಾಲ್ಕು ಮಿಲಿಮೀಟರ್ ಅಗಲ. ಅದರ ನೆತ್ತಿಗೆ ಒಂಬತ್ತು ತೂತು ಕೊರೆಯಬೇಕು: ಸುತ್ತ ಎಂಟು ಪ್ಲಗ್ಗುಗಳಿಗೆ, ನಡುವಿನದು ಕಾಯಿಲ್‌ಗೆ. ಜೋರಾಗಿ ತಿರುಗುವ ಡ್ರಿಲ್ ಹಿಡಿದರೆ ಪ್ಲಾಸ್ಟಿಕ್ ಕರಗುತ್ತದೆ. ಪಿನ್ ವೈಸ್‌ಗೆ ಕೂದಲೆಳೆಯ ಬಿಟ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಬೇಕು. ಮೊದಲು ಸೂಜಿಮೊನೆಯಿಂದ ಚುಚ್ಚಿ ಗುರುತು ಮಾಡಿಕೊಳ್ಳದಿದ್ದರೆ ಬಿಟ್ ಜಾರಿ ಮುರಿಯುತ್ತದೆ. ಇದನ್ನು ‘ಅರ್ಥದ ಅಸ್ಥಿರತೆ’ ಎನ್ನುತ್ತೇವೆ. ಬಿಟ್ ಮುರಿದುಕೊಂಡವನು ಬೇರೇನೋ ಅನ್ನುತ್ತಾನೆ.

ಆಕರ ಸಾಮಗ್ರಿ: ಸಣ್ಣ ಪೈಪುಗಳಿಗೆ ಇಂಜೆಕ್ಷನ್ ಸೂಜಿ. ರೇಡಿಯೇಟರ್ ಹೋಸಿಗೆ ಬೆಸುಗೆ ಹಾಕುವ ಸೀಸದ ತಂತಿ; ಬಾಗಿಸಿದಲ್ಲೇ ನಿಲ್ಲುವುದು ಅದರ ಗುಣ. ಫ್ಯಾನ್ ಬೆಲ್ಟಿಗೆ ಕಪ್ಪು ಕಾಗದದ ಪಟ್ಟಿ. ಬ್ಲಾಕಿಗೆ ಷೆವ್ರೊಲೆಟ್ಟಿನ ಕಿತ್ತಳೆ ಬಣ್ಣ ಬಳಿದು, ಒಣಗಿದ ಮೇಲೆ ನೀರಾದ ಕಪ್ಪು ಹರಿಸಿ ಒರೆಸಿದರೆ ಬೋಲ್ಟುಗಳ ಬುಡದಲ್ಲಿ ಮಾತ್ರ ಕಪ್ಪು ಉಳಿಯುತ್ತದೆ. ಅಲ್ಲಿಯವರೆಗೆ ಆಟಿಕೆಯಾಗಿದ್ದದ್ದು ಅಷ್ಟರಿಂದಲೇ ಎಣ್ಣೆ ಕುಡಿದ ಕಬ್ಬಿಣವಾಗುತ್ತದೆ.

ಇನ್ನು ಅಸಲು ಪ್ರಶ್ನೆ: ಯಾವ ತೂತಿನ ವೈರು ಯಾವ ಪ್ಲಗ್ಗಿಗೆ? 1-8-4-3-6-5-7-2. ಸ್ಮಾಲ್ ಬ್ಲಾಕ್ ಷೆವ್ರೊಲೆಟ್ ಕಿಡಿ ಹಾರಿಸುವ ಸರದಿ ಇದು. ಎಡಸಾಲಿನಲ್ಲಿ 1, 3, 5, 7. ಬಲಸಾಲಿನಲ್ಲಿ 2, 4, 6, 8. ಡಿಸ್ಟ್ರಿಬ್ಯೂಟರ್ ಹಿಂಬದಿಯಲ್ಲಿರುತ್ತದೆ, ಫೋರ್ಡಿನ ಸ್ಮಾಲ್ ಬ್ಲಾಕಿನಲ್ಲಾದರೆ ಮುಂಬದಿಯಲ್ಲಿ. ಇಲ್ಲೊಂದು ಸೂಕ್ಷ್ಮವಿದೆ. 5 ಮತ್ತು 7 ಪಕ್ಕಪಕ್ಕದ ಸಿಲಿಂಡರುಗಳು. ಸರದಿಯಲ್ಲೂ ಒಂದರ ಹಿಂದೆ ಒಂದು. ಅವುಗಳ ವೈರುಗಳು ಮೈಗೆ ಮೈ ತಾಗಿಸಿಕೊಂಡು ಉದ್ದಕ್ಕೂ ಹೋದರೆ 5ರ ವಿದ್ಯುತ್ತು 7ರ ವೈರಿನಲ್ಲೂ ಮಿಡಿದು, ಹೊತ್ತಿಗೆ ಮುಂಚೆಯೇ ಅಲ್ಲಿ ಕಿಡಿ ಹಾರಬಹುದು. ಅದಕ್ಕೇ ಬಲ್ಲ ಮೆಕ್ಯಾನಿಕ್ಕುಗಳು ಅವೆರಡನ್ನು ದೂರ ದೂರ ಕಟ್ಟುತ್ತಾರೆ. ಒಳ್ಳೆಯ ಮಾದರಿಕಾರನೂ ದೂರವೇ ಇಡುತ್ತಾನೆ. ಅವನ ಎಂಜಿನ್ನಿನಲ್ಲಿ ಎಂದೂ ಕಿಡಿ ಹಾರುವುದಿಲ್ಲ. ಆದರೂ ಇಡುತ್ತಾನೆ.

4. ಪಂಥಗಳ ವರ್ಗೀಕರಣ

ಮಾದರಿಕಾರರನ್ನು ಏಳು ಪಂಥಗಳಾಗಿ ವಿಂಗಡಿಸಬಹುದಾಗಿದೆ.

4.1 ತಂತುವಾದಿಗಳು: ವೈರು ಎಳೆಯುವವರು. ಇವರಲ್ಲಿ ಸರದಿ ಬಲ್ಲವರು, ಸುಮ್ಮನೆ ಎಂಟೂ ಎಳೆದು ಕೈ ತೊಳೆದುಕೊಳ್ಳುವವರು ಎಂದು ಎರಡು ಒಳಪಂಗಡ.

4.2 ನಿಸ್ತಂತುವಾದಿಗಳು: ಡಬ್ಬಿಯಲ್ಲಿ ಬಂದಷ್ಟನ್ನು ಅಂಟಿಸಿ ನೆಮ್ಮದಿಯಾಗಿ ಮಲಗುವವರು.

4.3 ಶೂನ್ಯವಾದಿಗಳು: ಇವರ ಕಾರಿಗೆ ಎಂಜಿನ್ನೇ ಇಲ್ಲ, ಬಾನೆಟ್ ತೆಗೆಯಲೂ ಬರುವುದಿಲ್ಲ. ಜಪಾನಿನ ತಮಿಯಾ ಕಂಪನಿಯ ಎಷ್ಟೋ 1/24 ಕಿಟ್‌ಗಳು ಈ ದರ್ಶನಕ್ಕೆ ಸೇರಿದವು.

4.4 ಇರಲಿ ಬಿಡಿ. ಏಳು ಎಂದರೆ ಪ್ರಬಂಧಕ್ಕೆ ತೂಕ ಬರುತ್ತದೆ ಎಂದು ಏಳು ಎಂದದ್ದು.

5. ಸೈದ್ಧಾಂತಿಕ ಚೌಕಟ್ಟು

ಈ ಚೌಕಟ್ಟಿಗೆ ಯಾವ ಚಿತ್ರ ಹಾಕಬೇಕೆಂದು ಯಾರೂ ಹೇಳಿಕೊಟ್ಟಿಲ್ಲ. ಕುಶಲಕರ್ಮಿಗಳ ಜ್ಞಾನ ಕುರಿತ ವಿಚಾರ ಸಂಕಿರಣಗಳಲ್ಲಿ ಕೂತು ಕೂತು ಸಾಕಾಗಿದೆ. ‘ಕೈಯ ಅರಿವು’, ‘ದುಡಿಯುವ ದೇಹದ ರಾಜಕಾರಣ’, ‘ಕಾಯಕದ ಮರುಓದು’ ಎಂದೆಲ್ಲ ಮುಕ್ಕಾಲು ಗಂಟೆ ಮಾತಾಡುತ್ತಾರೆ. ನಡುವೆ ಮೈಕು ಕೆಟ್ಟರೆ ಎಲೆಕ್ಟ್ರಿಷಿಯನ್ನನ್ನು “ಏ, ಬಾರೋ ಇಲ್ಲಿ” ಎಂದು ಕರೆಯುತ್ತಾರೆ. ಆತ ಬಂದು, ಬಗ್ಗಿ, ಸಡಿಲವಾದ ತಂತಿ ಸೇರಿಸಿ ಹೋಗುತ್ತಾನೆ. ಯಾರೂ ಅವನ ಹೆಸರು ಕೇಳುವುದಿಲ್ಲ. ಮೈಕು ಸರಿಯಾದ ಕೂಡಲೇ ಮತ್ತೆ ಅವನ ‘ದೇಹ’ದ ಬಗ್ಗೆಯೇ ಮಾತು! ನಾಚಿಕೆಯಾಗಬೇಕು. ಪ್ರಬಂಧ ಮಂಡಿಸಿದ ಪ್ರಮಾಣಪತ್ರ ಕೈಗೆ ಬಂದರೆ ಮುಗಿಯಿತು. ಬಡ್ತಿಯ ಅಂಕಕ್ಕೆ ಅಷ್ಟು ಸಾಕು.

6. ಫಲಿತಗಳು

ಅಂಬಾಸಿಡರ್, ಪದ್ಮಿನಿಗಳ ಕಾಲದ ಗ್ಯಾರೇಜುಗಳಲ್ಲಿ 1-3-4-2 ಎಂಬ ಸರದಿಯನ್ನು ನಿದ್ದೆಯಲ್ಲಿ ಕೇಳಿದರೂ ಹೇಳುವ ಮೇಸ್ತ್ರಿಗಳಿದ್ದರು. ಪಾಯಿಂಟುಗಳ ನಡುವಿನ ಸಂದನ್ನು ಫೀಲರ್ ಗೇಜಿನಲ್ಲಿ ನೋಡಿ, ಡಿಸ್ಟ್ರಿಬ್ಯೂಟರನ್ನು ಕೈಯಲ್ಲಿ ಹಿಡಿದು ಎಳ್ಳಷ್ಟೆಳ್ಳಷ್ಟೇ ತಿರುಗಿಸುತ್ತ, ಎಂಜಿನ್ನಿನ ದನಿ ಹದಕ್ಕೆ ಬಂದಲ್ಲಿ ಬೋಲ್ಟ್ ಬಿಗಿ ಮಾಡುತ್ತಿದ್ದರು. ಈಗ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್. ಸರದಿ ನೋಡಿಕೊಳ್ಳುವುದು ಕಂಪ್ಯೂಟರ್. ಡಿಸ್ಟ್ರಿಬ್ಯೂಟರ್ ಹೋಯಿತು, ವೈರುಗಳೂ ಹೋದವು. ಬಾನೆಟ್ ಎತ್ತಿದರೆ ಕಪ್ಪು ಪ್ಲಾಸ್ಟಿಕ್ಕಿನ ಮುಚ್ಚಳವೊಂದೇ ಕಾಣುತ್ತದೆ. ಇಂದಿನ ಕಾರಿನ ಮಾದರಿ ಮಾಡುವವನಿಗೆ ಆ ಮುಚ್ಚಳ ಸಾಕು.

ಹೊಸ ಕಾರು ಕೆಟ್ಟದೆಂದು ನಾನು ಹೇಳುತ್ತಿಲ್ಲ. ಅದು ಮಳೆಯಲ್ಲೂ ಮೊದಲ ಸಲಕ್ಕೇ ಸ್ಟಾರ್ಟ್ ಆಗುತ್ತದೆ. ಸಂಕಟ ಬೇರೆ. ಕಿವಿಯಲ್ಲಿ ಹದ ಹಿಡಿಯುತ್ತಿದ್ದವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಪಕ್ಕದಲ್ಲಿ ಕೂತು, ಏನು ಕೇಳಿಸುತ್ತಿತ್ತು, ಎಲ್ಲಿ ನಿಲ್ಲಿಸುತ್ತಿದ್ದಿರಿ ಎಂದು ಕೇಳಿ ಬರೆದಿಡಬೇಕಾಗಿದ್ದವರು ನಾವು. ನಾವು ಪರಿಪ್ರೇಕ್ಷ್ಯ ಬರೆಯುತ್ತಿದ್ದೆವು. 5 ಮತ್ತು 7ರ ವೈರುಗಳನ್ನು ಏಕೆ ದೂರ ಇಡಬೇಕೆಂಬುದು ಇಂದು ಒಬ್ಬ ಹವ್ಯಾಸಿಯ ಮೇಜಿನ ಮೇಲೆ, ಎಂದೂ ಉರಿಯದ ಎಂಜಿನ್ನಿನಲ್ಲಿ ಉಳಿದಿದೆಯೆಂದರೆ, ಅದು ಅವನ ಹೆಮ್ಮೆ, ನಮ್ಮ ಅವಮಾನ.

7. ಶಿಫಾರಸುಗಳು

ಇನ್ನು ಮುಂದೆ ಕೈಕೆಲಸ ಕುರಿತ ಮಹಾಪ್ರಬಂಧಗಳ ಮೌಖಿಕ ಪರೀಕ್ಷೆಯನ್ನು ಗ್ಯಾರೇಜಿನಲ್ಲಿ ನಡೆಸತಕ್ಕದ್ದು. ಮೇಸ್ತ್ರಿಗಳೇ ಅಧ್ಯಕ್ಷರು, ಅವರಿಗೆ ಕುರ್ಚಿ, ಉಳಿದವರು ನಿಂತಿರತಕ್ಕದ್ದು. ಅಭ್ಯರ್ಥಿಯೂ ಅವರ ಮಾರ್ಗದರ್ಶಕರೂ ಒಂದನೇ ಸಿಲಿಂಡರ್ ಯಾವುದೆಂದು ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಪ್ರಬಂಧದ ಪ್ರತಿಗಳನ್ನೆಲ್ಲ ಅಲ್ಲೇ ಬಿಟ್ಟುಹೋಗತಕ್ಕದ್ದು. ಗ್ರೀಸು ಒರೆಸಿಕೊಳ್ಳಲು ಕಾಗದ ಅಲ್ಲಿ ಯಾವಾಗಲೂ ಬೇಕಾಗಿರುತ್ತದೆ.