ಬೀಡು ಬಾಣಲೆಯ ಮಡಿಶಾಸ್ತ್ರ: ಒಂದು ಕಿರು ಮೀಮಾಂಸೆ

ಮಡಿ ಎಂಬುದು ನಮ್ಮ ಅಡುಗೆಮನೆಗಳ ಪಿತ್ರಾರ್ಜಿತ ಸೊತ್ತು, ಸಮುದ್ರ ದಾಟಿದರೆ ಅದು ಉಳಿಯುವುದಿಲ್ಲ ಎಂದು ಪೂರ್ವಸೂರಿಗಳು ನಂಬಿಕೊಂಡು ಬಂದಿದ್ದಾರೆ. ಪ್ರಸ್ತುತ ಪ್ರಬಂಧ ಈ ಮತವನ್ನು ಖಂಡಿಸುತ್ತದೆ. ಅಮೆರಿಕದಲ್ಲಿಯೂ ಮಡಿ ಇದೆ. ಆದರೆ ಅದು ಇರುವುದು ಹಿತ್ತಲಲ್ಲಿ. ಆಚರಿಸುವವರು ಹೆಚ್ಚಾಗಿ ಚಡ್ಡಿ ತೊಟ್ಟು, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಬಿಯರ್ ಹಿಡಿದ ಗೃಹಸ್ಥರು. ಆರಾಧ್ಯ ವಸ್ತು, ಸುಮಾರು 3.5 ಕೆ.ಜಿ. ತೂಗುವ 12 ಇಂಚಿನ ಕಪ್ಪು ಬಾಣಲೆ.

ಮೊದಲು ವಸ್ತುನಿರ್ದೇಶ. ಬೀಡು ಎಂದರೆ ಶೇ 2ಕ್ಕಿಂತ ಹೆಚ್ಚು ಇಂಗಾಲ ಬೆರೆತ ಕಬ್ಬಿಣ. ಶುದ್ಧ ಕಬ್ಬಿಣ ಕರಗಲು 1538 ಡಿಗ್ರಿ ಸೆಲ್ಸಿಯಸ್ ಬೇಕು. ಇಂಗಾಲ ಕೂಡಿಕೊಂಡರೆ ಸುಮಾರು 1200ಕ್ಕೇ ಕರಗಿ ಅಚ್ಚಿನೊಳಗೆ ಹರಿಯುತ್ತದೆ. ಹೀಗೆ ಬೇಗ ಕರಗುವ ಲೋಹ ಗಟ್ಟಿಯಾದ ಮೇಲೆ ಮಹಾ ಪೆಡಸು. ಬಡಿದು ಮಣಿಸಲಾಗದು, ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಕಾದಿರುವಾಗ ತಣ್ಣೀರು ಸುರಿದರೆ ಸೀಳುತ್ತದೆ. ಕೋಪ ಬೇಗ ಬರುವುದಿಲ್ಲ, ಬಂದರೆ ಬೇಗ ಇಳಿಯುವುದಿಲ್ಲ. ದೇವತೆಯಾಗಲು ಇಷ್ಟು ಲಕ್ಷಣ ಸಾಕು.

ಶಾಸ್ತ್ರವೆಂದ ಮೇಲೆ ಮೂಲಪುರುಷ ಇರಬೇಕು. ಇಂಗ್ಲೆಂಡಿನ ಏಬ್ರಹಾಂ ಡಾರ್ಬಿ ಎಂಬ ಕ್ವೇಕರ್ ಪಂಥದವನು 1707ರಲ್ಲಿ, ಮರಳಿನ ಅಚ್ಚಿನಲ್ಲಿ ಕಬ್ಬಿಣದ ಹೊಟ್ಟೆಪಾತ್ರೆಗಳನ್ನು ಎರಕ ಹೊಯ್ಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಒಳ್ಳೆಯ ಪಾತ್ರೆ ಎಂದರೆ ಹಿತ್ತಾಳೆ, ಅದರ ಬೆಲೆ ಬಡವರಿಗೆ ದೂರ. ಎರಡು ವರ್ಷದ ನಂತರ, 1709ರಲ್ಲಿ, ಕೋಲ್‌ಬ್ರೂಕ್‌ಡೇಲ್ ಎಂಬ ಊರಿನಲ್ಲಿ ಅವನು ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣ ತೆಗೆದ. ಚರಿತ್ರಕಾರರು ಇದನ್ನು ಕೈಗಾರಿಕಾ ಕ್ರಾಂತಿಯ ನಾಂದಿ ಎನ್ನುತ್ತಾರೆ. ಬಡವರ ಗಂಜಿಗೆ ಪಾತ್ರೆ ಮಾಡಹೊರಟವನ ಕೈಯಿಂದ ಪಕ್ಕದಲ್ಲಿ ಜಾರಿಬಿದ್ದದ್ದೇ ಕೈಗಾರಿಕಾ ಕ್ರಾಂತಿ ಎಂಬುದು ಪ್ರಸ್ತುತ ಪ್ರಬಂಧಕಾರನ ವಿನಮ್ರ ನಿಲುವು.

ಅಟ್ಲಾಂಟಿಕ್ ದಾಟಿದ ಮೇಲೆ ಪಾತ್ರೆಯ ಪದವಿ ಏರಿತು. ಜಾರ್ಜ್ ವಾಷಿಂಗ್ಟನ್ ಅವರ ತಾಯಿ ಮೇರಿ ವಾಷಿಂಗ್ಟನ್ 1788ರಲ್ಲಿ ಬರೆಸಿದ ಉಯಿಲಿನಲ್ಲಿ ತಮ್ಮ ಅಡುಗೆಮನೆಯ ಕಬ್ಬಿಣದ ಸಾಮಾನಿನ ಅರ್ಧ ಪಾಲನ್ನು ಮೊಮ್ಮಗ ಫೀಲ್ಡಿಂಗ್ ಲೂಯಿಸ್‌ಗೆ ಬಿಟ್ಟರು. ಮಗ ಆ ಹೊತ್ತಿಗೆ ಇಡೀ ದೇಶವನ್ನೇ ಗಳಿಸಿಯಾಗಿತ್ತು, ಬಾಣಲೆ ಬೇಕಿರಲಿಲ್ಲ. ಶಾಸನಸಭೆಗಳೂ ಹಿಂದೆ ಬಿದ್ದಿಲ್ಲ. ಮುಚ್ಚಳವಿರುವ ಬೀಡಿನ ಪಾತ್ರೆಯಾದ ಡಚ್ ಒವನ್ನನ್ನು ಯೂಟಾ ರಾಜ್ಯ 1997ರಲ್ಲಿ ತನ್ನ ಅಧಿಕೃತ ಅಡುಗೆ ಪಾತ್ರೆ ಎಂದು ಘೋಷಿಸಿತು. 2005ರಲ್ಲಿ ಟೆಕ್ಸಾಸ್ ಕೂಡ ಅದೇ ಪಟ್ಟ ಕಟ್ಟಿತು. ನಮ್ಮಲ್ಲಿ ರಾಜ್ಯಪಕ್ಷಿ, ರಾಜ್ಯವೃಕ್ಷ ಇವೆ. ರಾಜ್ಯಪಾತ್ರೆ ಮಾತ್ರ ಇಲ್ಲ. ಕಾವಲಿಗೂ ಮುದ್ದೆಯ ಮಡಕೆಗೂ ಜಗಳ ಹತ್ತೀತೆಂಬ ಅಂಜಿಕೆ ಇರಬೇಕು.

ಈಗ ಪ್ರಮಾಣಗಳು. ಮಡಿಯ ಅತ್ಯಂತ ಗಟ್ಟಿ ಸಾಕ್ಷ್ಯ ಸಿಗುವುದು ಟೆಕ್ಸಾಸಿನ ದನಗಾಹಿಗಳಲ್ಲಿ. 1866ರಲ್ಲಿ ಚಾರ್ಲ್ಸ್ ಗುಡ್‌ನೈಟ್ ಎಂಬ ದನದ ಸಾಹುಕಾರ ಸೈನ್ಯದ ಹಳೆಯ ಬಂಡಿಯೊಂದರ ಹಿಂಭಾಗಕ್ಕೆ ಅಡುಗೆಯ ಕಪಾಟು ಕೂಡಿಸಿದ. ಕಪಾಟಿನ ಬಾಗಿಲನ್ನು ಕೆಳಗಿಳಿಸಿದರೆ ಅದೇ ಮೇಜು. ಚಕ್ ವ್ಯಾಗನ್ ಎಂಬ ಈ ಬಂಡಿಯಲ್ಲಿ ಹುರುಳಿಕಾಯಿಯ ಒಣ ಬೀಜ, ಹಿಟ್ಟು, ಕಾಫಿ, ಉಪ್ಪು ಹಚ್ಚಿದ ಮಾಂಸ. ಜೊತೆಗೆ ಡಚ್ ಒವನ್‌ಗಳು. ಮರವಿಲ್ಲದ ಬಯಲಿನಲ್ಲಿ ಉರುವಲು ದನದ ಒಣ ಸಗಣಿ. ನಮ್ಮವರು ತಟ್ಟಿ ಒಣಗಿಸುತ್ತಿದ್ದರು, ಅವರು ಬಿದ್ದದ್ದನ್ನು ಆರಿಸಿಕೊಳ್ಳುತ್ತಿದ್ದರು, ಇಷ್ಟೇ ಭೇದ. ಇನ್ನು ನಿಯಮಗಳು: ಗಾಳಿ ಬೀಸಿ ಬರುವ ಕಡೆಯಿಂದ ಕುದುರೆ ಓಡಿಸಿಕೊಂಡು ಬರಬಾರದು, ಧೂಳು ಅಡುಗೆಗೆ ಬೀಳುತ್ತದೆ. ಬಂಡಿಯ ಚಕ್ರಕ್ಕೆ ಕುದುರೆ ಕಟ್ಟಬಾರದು. ಪಾತ್ರೆಯ ಮುಚ್ಚಳ ತೆಗೆದವನು ಅದನ್ನು ಮಣ್ಣಿಗೆ ತಾಗಿಸಬಾರದು. ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಗಂಡಸರು ಅಡುಗೆಯವನ ಗದರಿಕೆಗೆ ಹೆದರಿ ಮುಚ್ಚಳವನ್ನು ನೆಲಕ್ಕೆ ಇಡದೆ ನಿಂತಿದ್ದರು. ಇದನ್ನು ಮಡಿ ಎನ್ನದೆ ಬೇರೇನು ಎನ್ನಬೇಕು?

ಆದರೆ ಪಂಡಿತರ ನಡುವೆ ಕೈಕೈ ಮಿಲಾಯಿಸುವ ಹಂತಕ್ಕೆ ಹೋಗಿರುವುದು ಸಾಬೂನಿನ ಪ್ರಶ್ನೆ. ಇಲ್ಲಿ ಮೂರು ಮತಗಳಿವೆ. ಅದ್ವೈತಿಗಳ ಪ್ರಕಾರ ಬಾಣಲೆಯೂ ಅದರ ಮೇಲಿನ ಜಿಡ್ಡೂ ಒಂದೇ. ಸಾಬೂನು ಹಚ್ಚುವುದು ಬಾಣಲೆಯನ್ನೇ ಕೊಂದಂತೆ. ದ್ವೈತಿಗಳ ಪ್ರಕಾರ ಬಾಣಲೆ ಬೇರೆ, ನಿನ್ನೆಯ ಮೀನಿನ ಜಿಡ್ಡು ಬೇರೆ. ಎರಡರ ಭೇದ ಮೂಗಿಗೇ ಗೊತ್ತಾಗುತ್ತದೆ. ವಿಶಿಷ್ಟಾದ್ವೈತಿಗಳು ಒಂದೇ ಒಂದು ತೊಟ್ಟು ಸಾಬೂನಿಗೆ ಅನುಮತಿ ಕೊಡುತ್ತಾರೆ. ಕಲ್ಲುಪ್ಪು ಹಾಕಿ ಉಜ್ಜುವವರದು ಇನ್ನೊಂದು ಉಪಶಾಖೆ. ಅವರನ್ನು ಯಾರೂ ವಾದಕ್ಕೆ ಕರೆಯುವುದಿಲ್ಲ.

ವಿವಾದದ ಮೂಲದಲ್ಲಿ ರಸಾಯನಶಾಸ್ತ್ರವಿದೆ. ಬಾಣಲೆಗೆ ಎಣ್ಣೆ ಸವರಿ, ಸವರಿದ್ದು ಕಾಣದಷ್ಟು ತೆಳುವಾಗುವಂತೆ ಬಟ್ಟೆಯಿಂದ ಒರೆಸಿ, ಒವನ್ನಿನಲ್ಲಿ ಬೋರಲು ಹಾಕಿ 230 ಡಿಗ್ರಿ ಸೆಲ್ಸಿಯಸ್ ಮೇಲೆ ಒಂದು ಗಂಟೆ ಕಾಯಿಸಿದರೆ, ಎಣ್ಣೆಯ ಅಣುಗಳು ಗಾಳಿಯ ಆಮ್ಲಜನಕದ ನೆರವಿನಿಂದ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ತೈಲಚಿತ್ರದ ಅಗಸೆ ಎಣ್ಣೆ ಒಣಗಿ ಬಿಗಿಯುವುದೂ ಇದೇ ಬಗೆಯಲ್ಲಿ. ಪಳಗಿಸುವುದು ಎಂದರೆ ಇಷ್ಟೇ. ಹಳೆಯ ಕಾಲದ ಸಾಬೂನಿನಲ್ಲಿ ಕಾಸ್ಟಿಕ್ ಸೋಡಾ ಉಳಿದಿರುತ್ತಿತ್ತು, ಅದು ಈ ಪೊರೆಯನ್ನು ನಿಜವಾಗಿಯೂ ಕಿತ್ತುಹಾಕುತ್ತಿತ್ತು. ಅಜ್ಜಿಯಂದಿರ ನಿಷೇಧ ಆ ಕಾಲಕ್ಕೆ ನೂರಕ್ಕೆ ನೂರು ಸರಿ. ಇಂದಿನ ಪಾತ್ರೆ ತೊಳೆಯುವ ದ್ರವದಲ್ಲಿ ಕಾಸ್ಟಿಕ್ ಇಲ್ಲ. ಕಾರಣ ಹೋಯಿತು, ಆಚಾರ ಉಳಿಯಿತು. ಇಷ್ಟಾಗಿಯೂ ತೊಟ್ಟು ಸಾಬೂನಿಗೆ ಬೆಚ್ಚುವ ಅದೇ ಭಕ್ತರು, ಸಂತೆಯಲ್ಲಿ ಸಿಕ್ಕ ತುಕ್ಕು ಬಾಣಲೆಯ ಹಳೆಯ ಪೊರೆ ತೆಗೆಯಬೇಕಾದಾಗ ಅದನ್ನು ದಿನಗಟ್ಟಲೆ ಕಾಸ್ಟಿಕ್ ನೀರಿನಲ್ಲೇ ಮುಳುಗಿಸಿಡುತ್ತಾರೆ. ಮೈಲಿಗೆಯಾದದ್ದೇ ಪ್ರಾಯಶ್ಚಿತ್ತಕ್ಕೂ ಆಗುತ್ತದೆ ಎಂಬ ಈ ಸೂಕ್ಷ್ಮ ನಮ್ಮ ಧರ್ಮಶಾಸ್ತ್ರಿಗಳಿಗೆ ಹೊಸದೇನಲ್ಲ.

ಹುಳಿಯ ನಿಷೇಧಕ್ಕೆ ಇನ್ನೂ ಆಧಾರವಿದೆ. ಟೊಮ್ಯಾಟೊ ಗಂಟೆಗಟ್ಟಲೆ ಕುದಿಸಿದರೆ ಪೊರೆ ಸವೆದು ಕಬ್ಬಿಣ ಅಡುಗೆಗಿಳಿಯುತ್ತದೆ. 1986ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಬೀಡಿನ ಬಾಣಲೆಯಲ್ಲಿ ಬೇಯಿಸಿದ ಸೇಬಿನ ಸಾಸಿನ ಕಬ್ಬಿಣದ ಅಂಶ 100 ಗ್ರಾಂಗೆ 0.35 ಮಿಲಿಗ್ರಾಂನಿಂದ 7 ಮಿಲಿಗ್ರಾಂ ದಾಟಿತ್ತು. ಇಥಿಯೋಪಿಯದ ಮಕ್ಕಳ ಮೇಲೆ ನಡೆದ ಪ್ರಯೋಗದ ವರದಿ 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಕಬ್ಬಿಣದ ಪಾತ್ರೆಯ ಅಡುಗೆ ಉಂಡ ಮಕ್ಕಳಲ್ಲಿ ರಕ್ತಹೀನತೆ ಕಡಿಮೆಯಾಗಿತ್ತು. ಅಂದರೆ ಮೈಲಿಗೆಯ ಸಾರು ಮೈಗೆ ಒಳ್ಳೆಯದು. ಭಕ್ತರು ಈ ವಿಷಯವನ್ನು ಹೆಚ್ಚು ಎತ್ತುವುದಿಲ್ಲ.

ಬೀಡು ಎಲ್ಲ ಕಡೆ ಸಮನಾಗಿ ಕಾಯುತ್ತದೆ ಎಂಬ ಸ್ತೋತ್ರವೂ ಪರಿಶೀಲನೆಗೆ ನಿಲ್ಲುವುದಿಲ್ಲ. ಶಾಖ ಹರಿಸುವುದರಲ್ಲಿ ಅದು ಅಲ್ಯುಮಿನಿಯಂನ ಕಾಲುಭಾಗಕ್ಕೂ ಬರದು. ಗ್ಯಾಸ್ ಒಲೆಯ ಮೇಲೆ ನಡುಭಾಗ ಸೀಯುತ್ತಿದ್ದರೂ ಅಂಚು ಉಗುರುಬೆಚ್ಚಗಿರಬಲ್ಲದು. ಅದರ ದೊಡ್ಡಸ್ತಿಕೆ ಇರುವುದು ದಪ್ಪದಲ್ಲಿ: ಒಮ್ಮೆ ಕಾದರೆ ತಣ್ಣನೆಯ ಮಾಂಸದ ತುಂಡು ಬಿದ್ದರೂ ಕಂಗೆಡುವುದಿಲ್ಲ. ಬಯಲಿಗೆ ಬಂದಾಗ ಆ ದೋಷವೂ ಮುಚ್ಚಿಹೋಗುತ್ತದೆ. ಗ್ರಿಲ್ಲಿನ ಕೆಂಡ ಅಗಲವಾಗಿ ಹರಡಿರುತ್ತದೆ, ಮುಚ್ಚಳ ಹಾಕಿದರೆ ಬಿಸಿ ಸುತ್ತಲಿಂದಲೂ ಬಡಿಯುತ್ತದೆ. ಬರೀ ಸರಳುಗಳ ಮೇಲೆ ಬೇಯಿಸಿದ ಮೀನು ಅಂಟಿ ಹರಿಯುತ್ತದೆ, ಈರುಳ್ಳಿ ಸಂದಿಯಲ್ಲಿ ಜಾರಿ ಕೆಂಡಕ್ಕೆ ಆಹುತಿಯಾಗುತ್ತದೆ, ಕೊಬ್ಬು ತೊಟ್ಟಿಕ್ಕಿ ಜ್ವಾಲೆ ಏಳುತ್ತದೆ. ಸರಳಿನ ಮೇಲೆ ಬಾಣಲೆ ಇಟ್ಟರೆ ಈ ಮೂರೂ ಇಲ್ಲ. ಒಂದೇ ಎಚ್ಚರಿಕೆ: ಹಿಡಿಯೂ ಅದೇ ಎರಕದ್ದು. ಮುಚ್ಚಿದ ಗ್ರಿಲ್ಲಿನೊಳಗೆ ಹಿಡಿಗೂ ತಳಕ್ಕೂ ತಾರತಮ್ಯವಿಲ್ಲ ಎಂಬ ಸತ್ಯ ಪ್ರತಿಯೊಬ್ಬ ಸಾಧಕನಿಗೂ ಪ್ರತ್ಯಕ್ಷ ಪ್ರಮಾಣದಿಂದಲೇ, ಅಂಗೈಯ ಮೂಲಕ, ತಿಳಿಯುತ್ತದೆ.

ಪ್ರಯೋಗವಿಧಿಯಲ್ಲಿ ಡಚ್ ಒವನ್ನಿಗೆ ಅಗ್ರಪೂಜೆ. ಮೂರು ಗಿಡ್ಡ ಕಾಲು, ಅಂಚು ಮೇಲೆದ್ದ ಚಪ್ಪಟೆ ಮುಚ್ಚಳ. ಕೆಂಡ ಅಡಿಗೂ ಹೋಗಬೇಕು, ನೆತ್ತಿಗೂ ಏರಬೇಕು. ಎಷ್ಟು? ಪಾತ್ರೆಯ ಅಗಲದ ಇಂಚಿಗೆ 3 ಕೂಡಿಸಿ ಮುಚ್ಚಳದ ಮೇಲೆ, 3 ಕಳೆದು ಅಡಿಯಲ್ಲಿ. 12 ಇಂಚಿನದಾದರೆ ಮೇಲೆ 15, ಕೆಳಗೆ 9 ಇದ್ದಿಲಿನ ಉಂಡೆ. ಒಳಗೆ ಹೆಚ್ಚುಕಮ್ಮಿ 175 ಡಿಗ್ರಿ. ಉಂಡೆಗಳ ಅಂಚು ಬೂದಿಬಣ್ಣಕ್ಕೆ ತಿರುಗಿದ ಮೇಲೆ ಇಕ್ಕಳದಿಂದ ಒಂದೊಂದಾಗಿ ಜೋಡಿಸಬೇಕು. ಹದಿನೈದು ನಿಮಿಷಕ್ಕೊಮ್ಮೆ ಪಾತ್ರೆಯನ್ನು ಬಲಕ್ಕೆ ಕಾಲು ಸುತ್ತು, ಮುಚ್ಚಳವನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಬೇಕು, ಇಲ್ಲವಾದರೆ ಒಂದೇ ಕಡೆ ಸೀಯುತ್ತದೆ. ಪೀಚ್ ಹಣ್ಣಿನ ಕಾಬ್ಲರ್ ಆಯಿತೋ ಎಂದು ನೋಡುವ ಗಳಿಗೆಯಲ್ಲಿ ಕೊಕ್ಕೆ ಹಾಕಿ ಮುಚ್ಚಳ ಎತ್ತುತ್ತಾರೆ. ಹಣ್ಣಿನ ರಸ ಅಂಚಿನಲ್ಲಿ ಕೊತಕೊತ ಕುದಿಯುತ್ತಿರುತ್ತದೆ, ಮೇಲಿನ ಹಿಟ್ಟು ಹೊಂಬಣ್ಣಕ್ಕೆ ಬಂದಿರುತ್ತದೆ. ಮುಚ್ಚಳ ಒಂದಿಷ್ಟು ವಾಲಿದರೂ ಹಿಡಿ ಬೂದಿ ನೇರ ಅದರ ಮೇಲೆ ಸುರಿಯುತ್ತದೆ. ವಿಭೂತಿ ಎಂದು ಸುಮ್ಮನಾಗಲು ಅಲ್ಲಿನವರಿಗೆ ಗೊತ್ತಿಲ್ಲ.

ಕ್ಷೇತ್ರಮಹಿಮೆ ಹೇಳದಿದ್ದರೆ ಪ್ರಬಂಧ ಊನವಾಗುತ್ತದೆ. ಟೆನೆಸಿ ರಾಜ್ಯದ ಸೌತ್ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಜೋಸೆಫ್ ಲಾಡ್ಜ್ 1896ರಲ್ಲಿ ಎರಕದ ಕಾರ್ಖಾನೆ ತೆರೆದ. 1910ರಲ್ಲಿ ಅದು ಸುಟ್ಟುಹೋಯಿತು, ಹತ್ತಿರದಲ್ಲೇ ಮತ್ತೆ ಎದ್ದಿತು, ಇಂದಿಗೂ ನಡೆಯುತ್ತಿದೆ. 2002ರಿಂದ ಕಂಪನಿಯೇ ಬಾಣಲೆಯನ್ನು ಪಳಗಿಸಿ ಮಾರತೊಡಗಿತು; ದೀಕ್ಷೆ ಅಂಗಡಿಯಲ್ಲೇ ಸಿಗತೊಡಗಿತೆಂದು ಹಳಬರಿಗೆ ಬೇಸರ. ಇನ್ನೂ ಬೇಸರದ ಸಂಗತಿ, ತೊಟ್ಟು ಸಾಬೂನು ಹಾಕಿದರೆ ತೊಂದರೆಯಿಲ್ಲ ಎಂದು ಕಂಪನಿಯೇ ಹೇಳುತ್ತದೆ. ಆ ಊರಿನ ವಸ್ತುಸಂಗ್ರಹಾಲಯದಲ್ಲಿ 6 ಟನ್ನಿಗೂ ಹೆಚ್ಚು ತೂಗುವ ಬಾಣಲೆಯೊಂದಿದೆ. ಅದನ್ನು ತೊಳೆಯುವ ಪ್ರಶ್ನೆ ಯಾವ ಮತದವರಿಗೂ ಏಳುವುದಿಲ್ಲ.

ಅಮೆರಿಕದ ಕನ್ನಡಿಗರು ಈ ಸಂಪ್ರದಾಯಕ್ಕೆ ಹಿಂಬಾಗಿಲಿನಿಂದ ಬಂದವರು. ದೋಸೆಗೆಂದು ಬೀಡಿನ ಕಾವಲಿ ಕೊಂಡರು, ಅದೇ ಬೇಸಿಗೆಯಲ್ಲಿ ಪಾರ್ಕಿನ ಗ್ರಿಲ್ ಏರಿತು. ಅವರಿಗೆ ಕಲಿಯುವುದು ಏನೂ ಇರಲಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಗದ್ದಿ ಉಜ್ಜುವುದು, ನೀರು ಚಿಮುಕಿಸಿ ಹನಿ ಕುಣಿಯುವುದನ್ನು ನೋಡುವುದು ಮನೆಯಲ್ಲೇ ಕಂಡದ್ದು. ಹನಿಯ ಆ ಕುಣಿತಕ್ಕೆ 1756ರಲ್ಲಿ ಅದರ ಬಗ್ಗೆ ಬರೆದ ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್‌ನ ಹೆಸರಿದೆ. ನಮ್ಮ ಅಜ್ಜಿಯರು ಬರೆದಿಡಲಿಲ್ಲ, ಹೆಸರು ಕೈತಪ್ಪಿತು. ದೋಸೆ ಕಾವಲಿಯಲ್ಲಿ ಚಪಾತಿ ಮಾಡಬಾರದೆಂಬ ನಮ್ಮ ಮನೆಗಳ ಕಟ್ಟಪ್ಪಣೆಯೂ ಇದೇ ಶಾಸ್ತ್ರದ್ದು. ಎಣ್ಣೆಯಿಲ್ಲದೆ ಒಣಗಿ ಕಾದರೆ ಪೊರೆ ಸುಟ್ಟುಹೋಗಿ, ಮರುದಿನದ ಮೊದಲ ದೋಸೆ ಮೇಲೇಳುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಯಾರಾದರೂ ಹಿತ್ತಲ ಔತಣಕ್ಕೆ ಕರೆದರೆ ತಪ್ಪದೆ ಹೋಗಿ, ಹೊಟ್ಟೆ ತುಂಬ ಉಣ್ಣಿ, ತಟ್ಟೆ ಲೋಟಗಳನ್ನು ಬೇಕಾದಷ್ಟು ತೊಳೆದುಕೊಡಿ. ಕಪ್ಪು ಬಾಣಲೆಯನ್ನು ಮಾತ್ರ ಸಿಂಕಿನಲ್ಲಿ ನೆನೆಹಾಕಬೇಡಿ.